ಮೆನು ಕಾಣದಾದರೆ ಕಡತ ಕಳೆದಂತಲ್ಲ

ಒಂದೇ ಗಣಕದಲ್ಲಿ ಎರಡು ಅಥವಾ ಹೆಚ್ಚು ಕಾರ್ಯಾಚರಣ ವ್ಯವಸ್ಥೆಗಳನ್ನು ಇಟ್ಟುಕೊಳ್ಳುವ ಬಗ್ಗೆ ಈ ಸಲ ಹಲವು ಪತ್ರಗಳು ಬಂದಿರುವುದರಿಂದ, ಅಂಕಣವನ್ನು ಪೂರ್ತಿಯಾಗಿ, ಗಣಕ ಚಾಲೂ ಆದಾಗ ಕಾರ್ಯಾಚರಣ ವ್ಯವಸ್ಥೆಯನ್ನು ತೆರೆಯುವ ತಂತ್ರಾಂಶವಾದ ಬೂಟ್ ಲೋಡರಿಗೇ ಮೀಸಲಿಟ್ಟಿದ್ದೇನೆ. ಪತ್ರಗಳು ಬಂದ ಕ್ರಮವನ್ನು ಬಿಟ್ಟು, ತುರ್ತಾಗಿ ಉತ್ತರ ಬೇಕಾದದ್ದನ್ನು ಮೊದಲು ತೆಗೆದುಕೊಂಡಿದ್ದೇನೆ.

ಪ್ರಶ್ನೆ: ನನ್ನ ಲ್ಯಾಪ್‌ಟಾಪಿನಲ್ಲಿ ವಿಂಡೋಸ್ ಮತ್ತು ಉಬುಂಟು ಎರಡೂ ಇದ್ದವು. ವಿಂಡೋಸ್ ಕೆಟ್ಟಿದ್ದರಿಂದ ಅದೊಂದನ್ನೇ ಮರುಸ್ಥಾಪಿಸಿದೆ. ಈಗ ಯಾವ ವ್ಯವಸ್ಥೆ ಬೇಕೆಂದು ಕೇಳುವ ಮೆನುವೇ ಬರುತ್ತಿಲ್ಲ, ನೇರವಾಗಿ ವಿಂಡೋಸ್ ತೆರೆದುಕೊಳ್ಳುತ್ತದೆ. ಉಬುಂಟುವಿನಲ್ಲಿ ನಾಲ್ಕು ವರ್ಷಗಳ ಸಂಶೋಧನೆಯ ಟಿಪ್ಪಣಿಗಳಿವೆ. ಅವೆಲ್ಲ ಹೋದವೇ? ಉಬುಂಟುವನ್ನೂ ಮತ್ತೆ ಸ್ಥಾಪಿಸಬೇಕೆ?

ಉತ್ತರ: ಮರುಸ್ಥಾಪನೆಯ ವೇಳೆ ಉಬುಂಟು ಇದ್ದ ಪಾರ್ಟಿಷನ್ನನ್ನು (ಡಿಸ್ಕಿನ ಪ್ರತ್ಯೇಕ ವಿಭಾಗವನ್ನು) ನೀವೇ ಆರಿಸಿ ಅಳಿಸಿರದಿದ್ದರೆ, ನಿಮ್ಮ ಟಿಪ್ಪಣಿಗಳು ಇದ್ದಲ್ಲಿಯೇ ಇವೆ. ಉಬುಂಟುವನ್ನು ಮತ್ತೆ ಸ್ಥಾಪಿಸುವ ಯೋಚನೆಯನ್ನು ದಯವಿಟ್ಟು ಬಿಟ್ಟುಬಿಡಿ. ಮೆನು ಮಾಯವಾದಾಗ ಯಾವ ಕಡತವೂ ನಾಶವಾಗುವುದಿಲ್ಲ. ಗಾಬರಿಯಿಂದ ಮಾಡುವ ಮರುಸ್ಥಾಪನೆಯೇ ಅವುಗಳನ್ನು ನಾಶಮಾಡುತ್ತದೆ. ಬಹಳ ವರ್ಷಗಳ ಹಿಂದೆ ನಾನು ಇದೇ ಸ್ಥಿತಿಯಲ್ಲಿ ಡಿಸ್ಕನ್ನು ಹೊಸದಾಗಿ ವಿಂಗಡಿಸಿಬಿಟ್ಟೆ. ಆ ಗುಂಡಿ ಒತ್ತುವ ಕ್ಷಣದವರೆಗೂ ಎಲ್ಲವೂ ಸುರಕ್ಷಿತವಾಗಿತ್ತೆಂದು ನನಗೆ ಆಮೇಲೆ ತಿಳಿಯಿತು. ಹಾಗಾಗಿ ಇಂಥ ಪತ್ರ ಬಂದಾಗಲೆಲ್ಲ ಮೊದಲು ‘ಏನನ್ನೂ ಮಾಡಬೇಡಿ’ ಎಂದೇ ಬರೆಯುತ್ತೇನೆ.

ಏನಾಗಿದೆಯೆಂದು ಅರ್ಥವಾದರೆ ಭಯ ಅರ್ಧ ಕಡಿಮೆಯಾಗುತ್ತದೆ. ಗಣಕವನ್ನು ಚಾಲೂ ಮಾಡಿದೊಡನೆ ಮೊದಲು ಓಡುವುದು ಮದರ್‌ಬೋರ್ಡಿನಲ್ಲಿರುವ ಫರ್ಮ್‌ವೇರ್ ಎಂಬ ಮೂಲ ತಂತ್ರಾಂಶ. ಈಗಿನ ಗಣಕಗಳಲ್ಲಿ ಇದು ಯುಇಎಫ್‌ಐ ಮಾದರಿಯದು. ಅದು ಮದರ್‌ಬೋರ್ಡಿನದೇ ಸ್ಮೃತಿಯಲ್ಲಿ ಒಂದು ಪಟ್ಟಿಯನ್ನು ಇಟ್ಟುಕೊಂಡಿರುತ್ತದೆ. ಪಟ್ಟಿಯ ಪ್ರತಿ ನಮೂದಿನಲ್ಲಿಯೂ ಒಂದು ಹೆಸರು, ಒಂದು ಪಾರ್ಟಿಷನ್ನಿನ ಗುರುತು ಮತ್ತು ಆ ಪಾರ್ಟಿಷನ್ನಿನೊಳಗೆ ತೆರೆಯಬೇಕಾದ ಕಡತದ ವಿಳಾಸ ಇರುತ್ತವೆ. ಆ ಪಾರ್ಟಿಷನ್ನಿಗೆ ಇಎಫ್‌ಐ ಸಿಸ್ಟಂ ಪಾರ್ಟಿಷನ್, ಚಿಕ್ಕದಾಗಿ ಇಎಸ್‌ಪಿ, ಎಂದು ಹೆಸರು. ಸಾಮಾನ್ಯವಾಗಿ ಫ್ಯಾಟ್32 ವಿನ್ಯಾಸದಲ್ಲಿರುವ ಈ ಚಿಕ್ಕ ಜಾಗದಲ್ಲಿ ವಿಂಡೋಸಿನ ಬೂಟ್ ಲೋಡರ್ ‘ಮೈಕ್ರೋಸಾಫ್ಟ್’ ಎಂಬ ಕೋಶದೊಳಗೂ ಉಬುಂಟುವಿನದು ‘ಉಬುಂಟು’ ಎಂಬ ಕೋಶದೊಳಗೂ ಅಕ್ಕಪಕ್ಕದಲ್ಲಿ ಕುಳಿತಿರುತ್ತವೆ. ನೀವು ವಿಂಡೋಸನ್ನು ಮರುಸ್ಥಾಪಿಸಿದಾಗ ಅದು ತನ್ನ ನಮೂದನ್ನು ಪಟ್ಟಿಯ ತಲೆಗೆ ಏರಿಸಿಕೊಂಡಿದೆ. ಮೆನು ತೋರಿಸುತ್ತಿದ್ದ ಗ್ರಬ್ ಎಂಬ ಲೋಡರ್ ಕೆಳಗಿಳಿದಿದೆ, ಅಥವಾ ಹೆಚ್ಚೆಂದರೆ ಅದರ ನಮೂದು ಅಳಿಸಿಹೋಗಿದೆ.

ಆದ್ದರಿಂದ ಮೊದಲು ಗಣಕವನ್ನು ಚಾಲೂ ಮಾಡುವಾಗ ಬೂಟ್ ಮೆನುವಿನ ಕೀಲಿಯನ್ನು ಒತ್ತಿ ನೋಡಿ. ತಯಾರಕರಿಗೆ ತಕ್ಕಂತೆ ಅದು ಎಫ್12, ಎಫ್9, ಎಫ್8 ಅಥವಾ ಎಸ್ಕೇಪ್ ಆಗಿರಬಹುದು. ಅಲ್ಲಿ ‘ಉಬುಂಟು’ ಎಂಬ ಸಾಲು ಕಂಡರೆ ಅದನ್ನು ಆರಿಸಿ; ಹಳೆಯ ಮೆನು ಹಾಗೆಯೇ ಬರುತ್ತದೆ. ಆಮೇಲೆ ಫರ್ಮ್‌ವೇರ್ ಸೆಟಪ್ಪಿನಲ್ಲಿ ಆ ಸಾಲನ್ನು ಮೊದಲ ಸ್ಥಾನಕ್ಕೆ ತಂದರೆ ಕೆಲಸ ಮುಗಿಯಿತು. ಉಬುಂಟುವಿನೊಳಗಿನಿಂದ ‘ಇಎಫ್‌ಐಬೂಟ್‌ಎಂಜಿಆರ್’ ಎಂಬ ಆದೇಶದಿಂದಲೂ ಇದೇ ಕ್ರಮವನ್ನು ಬದಲಾಯಿಸಬಹುದು.

ಆ ಸಾಲು ಕಾಣದಿದ್ದರೆ ಉಬುಂಟುವಿನ ಸ್ಥಾಪನಾ ಯುಎಸ್‌ಬಿಯನ್ನು ಯುಇಎಫ್‌ಐ ವಿಧಾನದಲ್ಲಿಯೇ ಬೂಟ್ ಮಾಡಿ, ಸ್ಥಾಪಿಸುವ ಬದಲು ‘ಪ್ರಯತ್ನಿಸಿ ನೋಡು’ ಎಂಬ ಆಯ್ಕೆಯಲ್ಲಿ ಒಳಗೆ ಹೋಗಿ. ಅಲ್ಲಿಯ ಕಡತ ವೀಕ್ಷಕದಲ್ಲಿ ನಿಮ್ಮ ಹಳೆಯ ಪಾರ್ಟಿಷನ್ ತೆರೆಯುತ್ತದೆ. ಬೇರೆ ಯಾವ ಕೆಲಸಕ್ಕೂ ಕೈಹಾಕುವ ಮೊದಲು ಟಿಪ್ಪಣಿಗಳನ್ನು ಹೊರಗಿನ ಡಿಸ್ಕಿಗೆ ನಕಲು ಮಾಡಿಕೊಳ್ಳಿ. ಇದನ್ನು ನಾನು ಸಲಹೆಯೆನ್ನದೆ ಷರತ್ತೆಂದೇ ಹೇಳುತ್ತಿದ್ದೇನೆ. ನಂತರ ಉಬುಂಟುವಿನ ಮೂಲ ಪಾರ್ಟಿಷನ್ನನ್ನು ಮೌಂಟ್ ಮಾಡಿ (ಅಂದರೆ ಒಂದು ಕೋಶಕ್ಕೆ ಜೋಡಿಸಿ), ಅದರೊಳಗಿನ ‘ಬೂಟ್’ ಕೋಶದ ‘ಇಎಫ್‌ಐ’ ಎಂಬಲ್ಲಿ ಇಎಸ್‌ಪಿಯನ್ನು ಮೌಂಟ್ ಮಾಡಬೇಕು; ಜೊತೆಗೆ ಚಾಲನೆಯಲ್ಲಿರುವ ವ್ಯವಸ್ಥೆಯ ‘ಡೆವ್’, ‘ಪ್ರಾಕ್’ ಮತ್ತು ‘ಸಿಸ್’ ಕೋಶಗಳನ್ನು ಅವುಗಳ ಒಳಕೋಶಗಳ ಸಮೇತ ಅಲ್ಲಿಗೆ ಜೋಡಿಸಬೇಕು. ‘ಸಿಸ್’ ಜೋಡಣೆ ಪೂರ್ಣವಾಗಿರದಿದ್ದರೆ ಫರ್ಮ್‌ವೇರಿನ ಪಟ್ಟಿಯಲ್ಲಿ ಹೊಸ ನಮೂದು ಬರೆಯಲಾಗದೆ ಎಲ್ಲ ಶ್ರಮವೂ ವ್ಯರ್ಥವಾಗುತ್ತದೆ. ಹಲವರು ಎಡವುವುದು ಇಲ್ಲಿಯೇ. ಆಮೇಲೆ ‘ಕ್ರೂಟ್’ ಆದೇಶದಿಂದ ನಿಮ್ಮ ಹಳೆಯ ಉಬುಂಟುವಿನೊಳಗೆ ಪ್ರವೇಶಿಸಿ, ‘ಗ್ರಬ್-ಇನ್‌ಸ್ಟಾಲ್’ ಮತ್ತು ‘ಅಪ್‌ಡೇಟ್-ಗ್ರಬ್’ ಆದೇಶಗಳನ್ನು ಈ ಕ್ರಮದಲ್ಲಿಯೇ ಕೊಡಿ.

ಇಷ್ಟರ ನಡುವೆ ವಿಂಡೋಸಿನೊಳಗೆ ಎಲ್ಲಿಯಾದರೂ, ತನಗೆ ಓದಲಾಗದ ಒಂದು ಪಾರ್ಟಿಷನ್ನನ್ನು ಫಾರ್ಮ್ಯಾಟ್ ಮಾಡಲೇ ಎಂದು ಅದು ಕೇಳಿದರೆ ಒಪ್ಪಬೇಡಿ. ಉಬುಂಟು ಲಿನಕ್ಸಿನ ಒಂದು ಬಗೆ; ಲಿನಕ್ಸಿನ ಕಡತ ವ್ಯವಸ್ಥೆಯನ್ನು ವಿಂಡೋಸ್ ತಾನಾಗಿ ಓದುವುದಿಲ್ಲ, ಅಷ್ಟೇ. ಆ ಜಾಗ ಖಾಲಿಯೆಂದು ಅದರ ಅರ್ಥವಲ್ಲ.

ಪ್ರಶ್ನೆ: ವಿಂಡೋಸ್ 11 ಇರುವ ಹೊಸ ಲ್ಯಾಪ್‌ಟಾಪಿನಲ್ಲಿ ಲಿನಕ್ಸನ್ನೂ ಹಾಕಿಕೊಳ್ಳಬೇಕೆಂದಿದ್ದೇನೆ. ವಿಂಡೋಸಿಗೆ ತೊಂದರೆಯಾಗದಂತೆ ಯಾವ ಕ್ರಮದಲ್ಲಿ ಮುಂದುವರಿಯಬೇಕು?

ಉತ್ತರ: ವಿಂಡೋಸ್ ಮೊದಲು, ಲಿನಕ್ಸ್ ಆಮೇಲೆ ಎಂಬ ಹಳೆಯ ಕ್ರಮ ಇಂದಿಗೂ ಸುಲಭದ್ದೇ, ಮತ್ತು ನೀವು ಆಗಲೇ ಆ ದಾರಿಯಲ್ಲಿದ್ದೀರಿ. ಲಿನಕ್ಸಿನ ಗ್ರಬ್ ಲೋಡರ್ ವಿಂಡೋಸನ್ನು ಹುಡುಕಿ ತನ್ನ ಮೆನುವಿಗೆ ಸೇರಿಸಿಕೊಳ್ಳಬಲ್ಲದು, ಆದರೆ ವಿಂಡೋಸಿನ ಬೂಟ್ ಮ್ಯಾನೇಜರ್ ಲಿನಕ್ಸನ್ನು ತಾನಾಗಿ ಹುಡುಕಿಕೊಂಡು ಹೋಗುವುದಿಲ್ಲ.

ಆರಂಭಿಸುವ ಮೊದಲು ನಿಮ್ಮ ವಿಂಡೋಸ್ ಯಾವ ವಿಧಾನದಲ್ಲಿ ಬೂಟ್ ಆಗುತ್ತಿದೆಯೆಂದು ಕಣ್ಣಾರೆ ನೋಡಿಕೊಳ್ಳಿ. ವಿಂಡೋಸಿನ ‘ಸಿಸ್ಟಂ ಇನ್ಫರ್ಮೇಷನ್’ ಕಿಟಕಿಯಲ್ಲಿ ‘ಬಯಾಸ್ ಮೋಡ್’ ಎಂಬ ಸಾಲಿನ ಎದುರು ‘ಯುಇಎಫ್‌ಐ’ ಎಂದೋ ‘ಲೆಗಸಿ’ (ಯುಇಎಫ್‌ಐಗಿಂತ ಹಿಂದಿನ ಬಯಾಸ್ ಫರ್ಮ್‌ವೇರಿನ ವಿಧಾನ) ಎಂದೋ ಬರೆದಿರುತ್ತದೆ. ವಿಂಡೋಸ್ 11 ಅಧಿಕೃತವಾಗಿ ಯುಇಎಫ್‌ಐಯನ್ನೇ ಬೇಡುವುದರಿಂದ ನಿಮ್ಮಲ್ಲಿ ಅದೇ ಇರುತ್ತದೆ. ಲಿನಕ್ಸಿನ ಯುಎಸ್‌ಬಿಯನ್ನೂ ಅದೇ ವಿಧಾನದಲ್ಲಿ ಬೂಟ್ ಮಾಡಬೇಕು. ಬೂಟ್ ಮೆನುವಿನಲ್ಲಿ ಒಂದೇ ಯುಎಸ್‌ಬಿ ಎರಡು ಸಲ ಕಾಣಿಸಿಕೊಂಡರೆ, ‘ಯುಇಎಫ್‌ಐ’ ಎಂಬ ಪದದಿಂದ ಆರಂಭವಾಗುವ ಸಾಲನ್ನೇ ಆರಿಸಿ. ಯುಎಸ್‌ಬಿಯಿಂದಲೇ ನಡೆಯುವ ಲೈವ್ ಅಧಿವೇಶನದಲ್ಲಿ ‘ಸಿಸ್’ ಕೋಶದೊಳಗಿನ ‘ಫರ್ಮ್‌ವೇರ್’ ಕೋಶದಲ್ಲಿ ‘ಇಎಫ್‌ಐ’ ಎಂಬ ಕೋಶ ಇದ್ದರೆ ನೀವು ಸರಿಯಾದ ದಾರಿಯಲ್ಲಿದ್ದೀರಿ. ಒಂದು ವ್ಯವಸ್ಥೆ ಯುಇಎಫ್‌ಐ ವಿಧಾನದಲ್ಲಿಯೂ ಇನ್ನೊಂದು ಹಳೆಯ ಬಯಾಸ್ ವಿಧಾನದಲ್ಲಿಯೂ ಸ್ಥಾಪನೆಯಾದರೆ, ಒಂದರ ಬೂಟ್ ಲೋಡರ್ ಇನ್ನೊಂದನ್ನು ಕರೆಯಲಾರದು. ನನಗೆ ಬರುವ ಪತ್ರಗಳಲ್ಲಿ ಬಹುಪಾಲು ಬಿಡಿಸಲಾಗದ ಗಂಟಿನಂತೆ ಕಾಣುವ ತೊಂದರೆಗಳ ಬೇರು ಈ ಬೆರಕೆಯಲ್ಲಿಯೇ ಇರುತ್ತದೆ. ಅದಕ್ಕಾಗಿಯೇ ಇದನ್ನು ಇಷ್ಟು ವಿಸ್ತಾರವಾಗಿ ಬರೆದಿದ್ದೇನೆ.

ವಿಂಡೋಸಿನಲ್ಲಿ ಮಾಡಬೇಕಾದ ತಯಾರಿ ಮೂರು ಬಗೆಯದು. ಮುಖ್ಯ ಕಡತಗಳ ಪ್ರತಿಯನ್ನು ಹೊರಗಿನ ಡಿಸ್ಕಿನಲ್ಲಿ ಇಟ್ಟುಕೊಳ್ಳಬೇಕು. ಬಿಟ್‌ಲಾಕರ್ ಗೂಢಲಿಪೀಕರಣ ಚಾಲೂ ಇದೆಯೇ ಎಂದು ನೋಡಿ, ಇದ್ದರೆ ಅದರ 48 ಅಂಕಿಗಳ ಮರುಪಡೆಯುವ ಕೀಲಿಯನ್ನು ಕಾಗದದ ಮೇಲೆ ಬರೆದಿಟ್ಟುಕೊಳ್ಳಬೇಕು. ಅನೇಕ ಹೊಸ ಲ್ಯಾಪ್‌ಟಾಪುಗಳಲ್ಲಿ ಬಳಕೆದಾರರ ಗಮನಕ್ಕೆ ಬಾರದಂತೆಯೇ ಅದು ಚಾಲೂ ಆಗಿರುತ್ತದೆ. ಮೂರನೆಯದಾಗಿ, ‘ಫಾಸ್ಟ್ ಸ್ಟಾರ್ಟಪ್’ ಎಂಬ ಸೌಲಭ್ಯವನ್ನು ನಿಲ್ಲಿಸಬೇಕು. 2012ರ ವಿಂಡೋಸ್ 8ರಿಂದ ಬಂದ ಈ ಸೌಲಭ್ಯದಲ್ಲಿ ಗಣಕವನ್ನು ನಿಲ್ಲಿಸಿದಂತೆ ಕಂಡರೂ ವಿಂಡೋಸಿನ ಕರ್ನಲ್ (ವ್ಯವಸ್ಥೆಯ ತಿರುಳು) ತನ್ನ ಸ್ಥಿತಿಯನ್ನು ಡಿಸ್ಕಿಗೆ ಬರೆದು ನಿದ್ರಿಸುತ್ತಿರುತ್ತದೆ, ಮತ್ತು ಆಗ ವಿಂಡೋಸ್ ಪಾರ್ಟಿಷನ್ ಅರ್ಧ ತೆರೆದ ಪುಸ್ತಕದಂತೆ ಇರುತ್ತದೆ. ಆ ಸ್ಥಿತಿಯಲ್ಲಿ ಲಿನಕ್ಸಿನಿಂದ ಅಲ್ಲಿ ಏನನ್ನಾದರೂ ಬರೆದರೆ ಕಡತ ವ್ಯವಸ್ಥೆ ಕೆಡಬಹುದು. ಲಿನಕ್ಸ್ ಸಾಮಾನ್ಯವಾಗಿ ಇದನ್ನು ಗುರುತಿಸಿ ಬರೆಯಲು ಒಪ್ಪುವುದಿಲ್ಲ, ಆದರೆ ಆ ಎಚ್ಚರಿಕೆಯೊಂದನ್ನೇ ನಂಬಿ ಕುಳಿತುಕೊಳ್ಳುವುದು ಬೇಡ.

ಲಿನಕ್ಸಿಗೆ ಜಾಗ ಬಿಡಿಸುವುದನ್ನು ವಿಂಡೋಸಿನ ‘ಡಿಸ್ಕ್ ಮ್ಯಾನೇಜ್‌ಮೆಂಟ್’ ಉಪಕರಣದಿಂದಲೇ ಮಾಡಿ. ತನ್ನ ಪಾರ್ಟಿಷನ್ನನ್ನು ಎಷ್ಟು ಕುಗ್ಗಿಸಬಹುದೆಂದು ಅದಕ್ಕೇ ಚೆನ್ನಾಗಿ ಗೊತ್ತು. ಬಿಡಿಸಿದ ಜಾಗವನ್ನು ಹಂಚಿಕೆಯಾಗದಂತೆಯೇ ಬಿಟ್ಟಿರಿ. ಲಿನಕ್ಸಿನ ಸ್ಥಾಪಕ ತಂತ್ರಾಂಶಕ್ಕೆ ಡಿಸ್ಕೇ ಕಾಣದಿದ್ದರೆ ಫರ್ಮ್‌ವೇರಿನಲ್ಲಿ ಶೇಖರಣೆಯ ವಿಧಾನ ‘ರೇಡ್’ ಅಥವಾ ‘ಆರ್‌ಎಸ್‌ಟಿ’ ಎಂದು ಇರುವ ಸಂಭವವಿದೆ. ಅದನ್ನು ‘ಎಎಚ್‌ಸಿಐ’ಗೆ ಬದಲಾಯಿಸಬೇಕಾಗುತ್ತದೆ. ಹಾಗೆಂದು ಮುಂಚಿತವಾಗಿ ತಯಾರಿ ಮಾಡದೆ ಬದಲಾಯಿಸಿದರೆ ವಿಂಡೋಸ್ ಬೂಟ್ ಆಗದೆ ನಿಲ್ಲಬಹುದು. ಮೊದಲು ವಿಂಡೋಸನ್ನು ಸೇಫ್ ಮೋಡಿನಲ್ಲಿ ತೆರೆಯುವಂತೆ ಹೊಂದಿಸಿ, ಮರುಚಾಲನೆಯ ನಡುವೆ ಆ ಬದಲಾವಣೆಯನ್ನು ಮಾಡಿ, ಸೇಫ್ ಮೋಡಿನಲ್ಲಿ ಒಮ್ಮೆ ತೆರೆದ ಬಳಿಕ ಆ ಹೊಂದಿಕೆಯನ್ನು ತೆಗೆಯುವುದು ವಾಡಿಕೆ.

ಸ್ಥಾಪನೆಯಲ್ಲಿ ನಿಜವಾಗಿ ಎಚ್ಚರಿಕೆ ಬೇಕಾದ ಹಂತ ಒಂದೇ. ಪಾರ್ಟಿಷನ್ನುಗಳನ್ನು ನೀವೇ ಆರಿಸುವುದಾದರೆ, ಈಗಾಗಲೇ ಇರುವ ಇಎಸ್‌ಪಿಯನ್ನು ‘ಬೂಟ್-ಇಎಫ್‌ಐ’ ಸ್ಥಾನಕ್ಕೆ ಜೋಡಿಸಿ, ಆದರೆ ಅದರ ಎದುರಿನ ‘ಫಾರ್ಮ್ಯಾಟ್’ ಚೌಕವನ್ನು ಖಾಲಿ ಬಿಡಿ. ಅದನ್ನು ಫಾರ್ಮ್ಯಾಟ್ ಮಾಡಿದರೆ ವಿಂಡೋಸಿನ ಲೋಡರ್ ಅಳಿಸಿಹೋಗುತ್ತದೆ. ವಿಂಡೋಸ್ ಮಾಡಿಕೊಂಡಿರುವ ಇಎಸ್‌ಪಿ ಅನೇಕ ಕಡೆ 100 ಎಂಬಿಯಷ್ಟೇ ಇರುತ್ತದೆ. ಗ್ರಬ್ ಅಲ್ಲಿ ಇಡುವುದು ಕೆಲವೇ ಎಂಬಿಗಳ ಕಡತಗಳನ್ನಾದ್ದರಿಂದ ಇಷ್ಟು ಜಾಗ ಸಾಕು.

ಪ್ರಶ್ನೆ: ಲಿನಕ್ಸನ್ನು ಸ್ಥಾಪಿಸಿದ ಮೇಲೆ ಗ್ರಬ್ ಮೆನುವಿನಲ್ಲಿ ಲಿನಕ್ಸ್ ಮಾತ್ರ ಕಾಣುತ್ತಿದೆ, ವಿಂಡೋಸ್ ಕಾಣುತ್ತಿಲ್ಲ. ಫರ್ಮ್‌ವೇರಿನ ಬೂಟ್ ಮೆನುವಿನಿಂದ ಆರಿಸಿದರೆ ವಿಂಡೋಸ್ ಸರಿಯಾಗಿಯೇ ತೆರೆಯುತ್ತದೆ.

ಉತ್ತರ: ಬೇರೆ ವ್ಯವಸ್ಥೆಗಳನ್ನು ಹುಡುಕಿಕೊಡುವ ‘ಓಎಸ್-ಪ್ರೋಬರ್’ ಎಂಬ ಸಹಾಯಕ ತಂತ್ರಾಂಶವನ್ನು 2021ರಲ್ಲಿ ಬಂದ ಗ್ರಬ್ 2.06ನೇ ಆವೃತ್ತಿಯಿಂದ ಸುರಕ್ಷತೆಯ ಕಾರಣಕ್ಕೆ ಮೊದಲಿನಿಂದಲೇ ನಿಷ್ಕ್ರಿಯಗೊಳಿಸಿ ಕೊಡಲಾಗುತ್ತಿದೆ. ಅದನ್ನು ಮತ್ತೆ ಚಾಲೂ ಮಾಡಬೇಕು. ‘ಇಟಿಸಿ’ ಕೋಶದೊಳಗಿನ ‘ಡೀಫಾಲ್ಟ್’ ಕೋಶದಲ್ಲಿ ‘ಗ್ರಬ್’ ಎಂಬ ಪಠ್ಯ ಕಡತವಿದೆ. ಅದರಲ್ಲಿ ‘ಗ್ರಬ್ ಡಿಸೇಬಲ್ ಓಎಸ್ ಪ್ರೋಬರ್’ ಎಂಬ ಅರ್ಥದ ಸಾಲು, ಮುಂದೆ ಟಿಪ್ಪಣಿಯ ಚಿಹ್ನೆಯೊಂದಿಗೆ, ಈಗಾಗಲೇ ಇರುವುದುಂಟು. ಆ ಚಿಹ್ನೆಯನ್ನು ತೆಗೆದು, ಬೆಲೆಯನ್ನು ‘ಫಾಲ್ಸ್’ ಎಂದು ಮಾಡಿ, ಮೆನುವನ್ನು ಮರುರಚಿಸಿ. ಡೆಬಿಯನ್ ಮತ್ತು ಉಬುಂಟು ಬಳಗದಲ್ಲಿ ಮರುರಚನೆಗೆ ‘ಅಪ್‌ಡೇಟ್-ಗ್ರಬ್’ ಸಾಕು. ಉಳಿದ ಕಡೆಗಳಲ್ಲಿ ‘ಗ್ರಬ್-ಮೇಕ್‌ಕಾನ್ಫಿಗ್’ ಆದೇಶಕ್ಕೆ ಮೆನು ಕಡತದ ವಿಳಾಸವನ್ನು ಕೊಡಬೇಕಾಗುತ್ತದೆ.

ಮೆನು ಎಷ್ಟು ಸೆಕೆಂಡು ನಿಲ್ಲಬೇಕು, ಮೊದಲ ಆಯ್ಕೆ ಯಾವುದಾಗಿರಬೇಕು ಎಂಬುದನ್ನೂ ಇದೇ ಪಠ್ಯ ಕಡತದಲ್ಲಿ ಬರೆಯಬೇಕು. ಮೆನುವಿನ ಅಂತಿಮ ಕಡತವಾದ ‘ಗ್ರಬ್ ಡಾಟ್ ಸಿಎಫ್‌ಜಿ’ಯನ್ನು ನೇರವಾಗಿ ತಿದ್ದಬೇಡಿ, ಮುಂದಿನ ಕರ್ನಲ್ ಬಂದ ದಿನ ಆ ಕಡತ ಹೊಸದಾಗಿ ರಚನೆಯಾಗಿ ನಿಮ್ಮ ತಿದ್ದುಪಡಿಗಳೆಲ್ಲ ಇಲ್ಲವಾಗುತ್ತವೆ.

ಪ್ರಶ್ನೆ: ಲಿನಕ್ಸಿಗಾಗಿ ಫರ್ಮ್‌ವೇರಿನಲ್ಲಿ ಸೆಕ್ಯೂರ್ ಬೂಟನ್ನು ನಿಲ್ಲಿಸಿದೆ. ಅಂದಿನಿಂದ ವಿಂಡೋಸ್ ನೀಲಿ ಪರದೆಯಲ್ಲಿ 48 ಅಂಕಿಗಳ ಕೀಲಿಯನ್ನು ಕೇಳುತ್ತಿದೆ. ಲಿನಕ್ಸ್ ಏನಾದರೂ ಕೆಡಿಸಿತೇ? ಸೆಕ್ಯೂರ್ ಬೂಟ್ ಇರಬೇಕೋ ಬೇಡವೋ?

ಉತ್ತರ: ಲಿನಕ್ಸ್ ಏನನ್ನೂ ಕೆಡಿಸಿಲ್ಲ. ಬಿಟ್‌ಲಾಕರ್ ತನ್ನ ಕೀಲಿಯನ್ನು ಟಿಪಿಎಂ ಎಂಬ ಚಿಪ್ಪಿನಲ್ಲಿ ಮುದ್ರೆ ಹಾಕಿ ಇಟ್ಟಿರುತ್ತದೆ, ಮತ್ತು ಗಣಕ ಪ್ರತಿಸಲ ಬೂಟ್ ಆಗುವಾಗ ನಂಬಬಹುದಾದ ಸಹಿಯಿರುವ ಲೋಡರುಗಳನ್ನಷ್ಟೇ ಓಡಲು ಬಿಡುವ ಸೆಕ್ಯೂರ್ ಬೂಟಿನ ಸ್ಥಿತಿಯೂ ಸೇರಿದಂತೆ ಕೆಲವು ಅಂಶಗಳ ಅಳತೆ ಆ ಚಿಪ್ಪಿನಲ್ಲಿ ದಾಖಲಾಗುತ್ತದೆ. ಅಳತೆ ಹಿಂದಿನದಕ್ಕೆ ಹೊಂದದಿದ್ದರೆ ಚಿಪ್ ಕೀಲಿಯನ್ನು ಬಿಡುವುದಿಲ್ಲ. ಸೆಕ್ಯೂರ್ ಬೂಟನ್ನು ಮತ್ತೆ ಚಾಲೂ ಮಾಡಿದರೆ ಸಾಮಾನ್ಯವಾಗಿ ವಿಂಡೋಸ್ ಕೀಲಿ ಕೇಳದೆ ತೆರೆಯುತ್ತದೆ. ಇಲ್ಲದಿದ್ದರೆ ನೀವು ಬಳಸುವ ಮೈಕ್ರೋಸಾಫ್ಟ್ ಖಾತೆಯಲ್ಲಿ ಕೀಲಿ ಉಳಿದಿದೆಯೇ ಎಂದು ಬೇರೊಂದು ಸಾಧನದಿಂದ ನೋಡಿ. ಅಂಕಣದ ಮೊದಲ ಉತ್ತರದಲ್ಲಿ ನಾನು ಕೊಟ್ಟ ಧೈರ್ಯಕ್ಕೆ ಇದೊಂದು ಅಪವಾದವಿದೆ: ಚಿಪ್ಪೂ ಕೀಲಿ ಕೊಡದೆ, ಬರೆದಿಟ್ಟ ಕೀಲಿಯೂ ಸಿಗದೆ ಹೋದರೆ ಆ ಪಾರ್ಟಿಷನ್ನಿನ ಕಡತಗಳನ್ನು ಯಾರೂ ತೆರೆಯಲಾರರು. ಅದಕ್ಕೇ ಕೀಲಿಯನ್ನು ಮೊದಲೇ ಕಾಗದದ ಮೇಲೆ ಬರೆದಿಡಿ ಎಂದು ಅಷ್ಟು ಒತ್ತಿ ಹೇಳಿದ್ದು. ಮುಂದೆ ಫರ್ಮ್‌ವೇರಿನಲ್ಲಿ ಏನನ್ನಾದರೂ ಬದಲಾಯಿಸುವಾಗ ವಿಂಡೋಸಿನೊಳಗೆ ಬಿಟ್‌ಲಾಕರನ್ನು ತಾತ್ಕಾಲಿಕವಾಗಿ ತಡೆಹಿಡಿದು ಮುಂದುವರಿಯಿರಿ.

ಸೆಕ್ಯೂರ್ ಬೂಟನ್ನು ಉಳಿಸಿಕೊಳ್ಳುವುದು ಒಳ್ಳೆಯದೆಂಬುದು ನನ್ನ ಅಭಿಪ್ರಾಯ. ಉಬುಂಟು, ಫೆಡೋರ, ಡೆಬಿಯನ್ ಮುಂತಾದವುಗಳಲ್ಲಿ ‘ಶಿಮ್’ ಎಂಬ ಪುಟ್ಟ ಲೋಡರ್ ಮೈಕ್ರೋಸಾಫ್ಟಿನ ಸಹಿಯೊಂದಿಗೆ ಬರುತ್ತದೆ. ಫರ್ಮ್‌ವೇರ್ ಶಿಮ್ಮನ್ನು ನಂಬುತ್ತದೆ, ಶಿಮ್ ಗ್ರಬ್ಬಿನ ಸಹಿಯನ್ನು ಪರೀಕ್ಷಿಸುತ್ತದೆ, ಆಮೇಲೆ ಕರ್ನಲ್ಲಿನ ಸರದಿ. ಹೊರಗಿನಿಂದ ಹಾಕಿಕೊಳ್ಳುವ ಗ್ರಾಫಿಕ್ಸ್ ಡ್ರೈವರಿನಂಥ ಭಾಗಗಳಿಗೆ ಮಾತ್ರ ನಿಮ್ಮದೇ ಕೀಲಿಯನ್ನು ನೋಂದಾಯಿಸಬೇಕಾಗುತ್ತದೆ. ಸ್ಥಾಪನೆಯ ವೇಳೆ ಒಂದು ಗುಪ್ತಪದವನ್ನು ಕೇಳಿ, ಮರುಚಾಲನೆಯಾದಾಗ ನೀಲಿ ಪರದೆಯೊಂದರಲ್ಲಿ ಅದನ್ನೇ ಮತ್ತೆ ಕೇಳುವುದು ಇದಕ್ಕಾಗಿಯೇ. ಆ ಪರದೆಯನ್ನು ನೋಡಿ ಹೆದರಿ ದಾಟಿಸಿಬಿಟ್ಟರೆ ಡ್ರೈವರ್ ಕೆಲಸ ಮಾಡುವುದಿಲ್ಲ.

ಈ ಸರಪಳಿ ಒಮ್ಮೊಮ್ಮೆ ತುಂಡಾಗುವುದೂ ಉಂಟು. 2020ರ ಜುಲೈಯಲ್ಲಿ ಗ್ರಬ್ಬಿನಲ್ಲಿ ‘ಬೂಟ್‌ಹೋಲ್’ ಎಂಬ ಗಂಭೀರ ದೋಷ ಬಯಲಾದ ಬಳಿಕ, ದೋಷಪೂರಿತ ಹಳೆಯ ಲೋಡರುಗಳನ್ನು ಒಂದೊಂದಾಗಿ ನಿಷೇಧಿಸುವ ಬದಲು ಪೀಳಿಗೆಯ ಸಂಖ್ಯೆಯಿಂದ ಒಟ್ಟಾಗಿ ನಿಷೇಧಿಸುವ ‘ಎಸ್‌ಬ್ಯಾಟ್’ ಎಂಬ ಏರ್ಪಾಡು ಬಂದಿತು. 2024ರ ಆಗಸ್ಟಿನ ವಿಂಡೋಸ್ ನವೀಕರಣ ಇಂಥ ನಿಷೇಧವನ್ನು ಎರಡು ವ್ಯವಸ್ಥೆಗಳಿದ್ದ ಗಣಕಗಳಿಗೂ ಅನ್ವಯಿಸಿದ್ದರಿಂದ, ಹಳೆಯ ಶಿಮ್ ಇದ್ದ ಅನೇಕರ ಲಿನಕ್ಸ್ ಭದ್ರತಾ ನೀತಿಯ ಉಲ್ಲಂಘನೆಯೆಂಬ ಸಂದೇಶ ತೋರಿಸಿ ನಿಂತುಹೋಯಿತು. ಅಂಥ ಸಂದೇಶ ಕಂಡರೆ, ಬಿಟ್‌ಲಾಕರ್ ಕೀಲಿ ಕೈಯಲ್ಲಿದೆಯೆಂದು ಖಚಿತಪಡಿಸಿಕೊಂಡು, ಸೆಕ್ಯೂರ್ ಬೂಟನ್ನು ತಾತ್ಕಾಲಿಕವಾಗಿ ನಿಲ್ಲಿಸಿ, ಲಿನಕ್ಸನ್ನು ತೆರೆದು, ಶಿಮ್ ಮತ್ತು ಗ್ರಬ್ ಎರಡನ್ನೂ ನವೀಕರಿಸಿ, ಮತ್ತೆ ಚಾಲೂ ಮಾಡಿ. ಲಿನಕ್ಸನ್ನು ತಿಂಗಳುಗಟ್ಟಲೆ ತೆರೆಯದೆ ವಿಂಡೋಸನ್ನು ಮಾತ್ರ ನವೀಕರಿಸುತ್ತಿರುವವರಿಗೆ ಈ ತೊಂದರೆಯ ಸಾಧ್ಯತೆ ಹೆಚ್ಚು.

ಪ್ರಶ್ನೆ: ಲಿನಕ್ಸಿನಿಂದ ವಿಂಡೋಸಿಗೆ ಹೋದಾಗಲೆಲ್ಲ ಗಡಿಯಾರ ಕೆಲವು ಗಂಟೆ ತಪ್ಪು ತೋರಿಸುತ್ತದೆ. ಬ್ಯಾಟರಿ ಹಳೆಯದಾಗಿದೆಯೇ?

ಉತ್ತರ: ಬ್ಯಾಟರಿಯ ದೋಷವಲ್ಲ. ಮದರ್‌ಬೋರ್ಡಿನ ಗಡಿಯಾರದಲ್ಲಿ ಸ್ಥಳೀಯ ಸಮಯವಿದೆಯೆಂದು ವಿಂಡೋಸ್ ಭಾವಿಸುತ್ತದೆ, ಸಾರ್ವತ್ರಿಕ ಸಮಯವಿದೆಯೆಂದು ಲಿನಕ್ಸ್ ಭಾವಿಸುತ್ತದೆ. ತಪ್ಪುವ ಗಂಟೆಗಳು ಆ ಎರಡು ಸಮಯಗಳ ಅಂತರಕ್ಕೆ ಸರಿಯಾಗಿರುತ್ತವೆ. ಲಿನಕ್ಸಿನಲ್ಲಿ ‘ಟೈಮ್‌ಡೇಟ್‌ಸಿಟಿಎಲ್’ ಆದೇಶದಿಂದ ಯಂತ್ರದ ಗಡಿಯಾರವನ್ನು ಸ್ಥಳೀಯ ಸಮಯಕ್ಕೆ ಹೊಂದಿಸುವುದು ಸುಲಭದ ದಾರಿ. ಬೇಸಿಗೆಯಲ್ಲಿ ಗಡಿಯಾರವನ್ನು ಒಂದು ಗಂಟೆ ಮುಂದಿಡುವ ಪದ್ಧತಿ ಇರುವ ಕಡೆಗಳಲ್ಲಿ ಎರಡೂ ವ್ಯವಸ್ಥೆಗಳು ಆ ತಿದ್ದುಪಡಿಯನ್ನು ಮಾಡಹೋಗುವುದರಿಂದ, ಅಂಥವರು ವಿಂಡೋಸಿನ ರಿಜಿಸ್ಟ್ರಿಯಲ್ಲಿ ‘ರಿಯಲ್‌ಟೈಮ್‌ಈಸ್‌ಯೂನಿವರ್ಸಲ್’ ಎಂಬ ಬೆಲೆಯನ್ನು 1 ಎಂದು ಮಾಡುವುದು ಮೇಲು. ಎರಡನ್ನೂ ಒಟ್ಟಿಗೆ ಮಾಡಿದರೆ ಸಮಯ ಮತ್ತೆ ತಪ್ಪುತ್ತದೆ.

ಪ್ರಶ್ನೆ: ಹಳೆಯ ಗಣಕವೊಂದರಲ್ಲಿ ಬಯಾಸ್ ಮಾತ್ರ ಇದೆ. ಅದರಲ್ಲಿ ವಿಂಡೋಸ್, ಡೆಬಿಯನ್ ಮತ್ತು ಫ್ರೀಬಿಎಸ್‌ಡಿ ಮೂರನ್ನೂ ಇಟ್ಟು ಕಲಿಯುವ ಆಸೆಯಿದೆ. ಸಾಧ್ಯವೇ?

ಉತ್ತರ: ಖಂಡಿತ ಸಾಧ್ಯ, ಮತ್ತು ಬೂಟ್ ಆಗುವ ಪ್ರಕ್ರಿಯೆಯನ್ನು ಕಲಿಯಲು ಇಂಥ ಗಣಕಕ್ಕಿಂತ ಒಳ್ಳೆಯ ಪಾಠಶಾಲೆ ಇನ್ನೊಂದಿಲ್ಲ. ಬಯಾಸಿಗೆ ಕಡತವೆಂದರೇನೆಂದು ತಿಳಿಯದು. ಅದು ಡಿಸ್ಕಿನ ಮೊದಲ ಸೆಕ್ಟರನ್ನು, ಅಂದರೆ 512 ಬೈಟುಗಳನ್ನು ಓದಿ ಓಡಿಸುತ್ತದೆ. ಎಂಬಿಆರ್ ಎಂದು ಕರೆಯುವ ಈ ಸೆಕ್ಟರಿನಲ್ಲಿ ಲೋಡರಿನ ಸಂಕೇತಕ್ಕೆ ದೊರೆಯುವುದು 446 ಬೈಟು. ತಲಾ 16 ಬೈಟಿನ ನಾಲ್ಕು ನಮೂದುಗಳಿರುವ ಪಾರ್ಟಿಷನ್ ಪಟ್ಟಿಗೆ 64 ಬೈಟು. ಉಳಿದ 2 ಬೈಟು ಸಹಿಯ ಗುರುತು. ನಾಲ್ಕು ಪ್ರಾಥಮಿಕ ಪಾರ್ಟಿಷನ್ನುಗಳ ಮಿತಿ ಹುಟ್ಟಿದ್ದು ಈ ಇಕ್ಕಟ್ಟಿನಿಂದಲೇ. ಸೆಕ್ಟರಿನ ಸಂಖ್ಯೆಯನ್ನು 32 ಬಿಟ್‌ಗಳಲ್ಲಿ ಬರೆಯುವುದರಿಂದ ಸುಮಾರು 2 ಟಿಬಿಗಿಂತ ಆಚೆಯ ಜಾಗವನ್ನೂ ಈ ಪಟ್ಟಿ ಹೇಳಲಾರದು.

446 ಬೈಟುಗಳಲ್ಲಿ ಮೆನುವನ್ನು ಬರೆಯುವುದಂತೂ ಆಗದ ಮಾತು. ಆದ್ದರಿಂದ ಗ್ರಬ್ ತನ್ನ ಮೊದಲ ತುಣುಕನ್ನು ಮಾತ್ರ ಅಲ್ಲಿಟ್ಟು, ಎರಡನೆಯದನ್ನು ಎಂಬಿಆರಿಗೂ ಮೊದಲ ಪಾರ್ಟಿಷನ್ನಿಗೂ ನಡುವಿನ ಖಾಲಿ ಜಾಗದಲ್ಲಿ ಇಡುತ್ತದೆ. ಹಳೆಯ ಉಪಕರಣಗಳು ಮೊದಲ ಪಾರ್ಟಿಷನ್ನನ್ನು 63ನೇ ಸೆಕ್ಟರಿನಿಂದ ಆರಂಭಿಸುತ್ತಿದ್ದವು. ಆಗ ಗ್ರಬ್ಬಿಗೆ ಸುಮಾರು 31 ಕೆಬಿ ಮಾತ್ರ ಸಿಗುತ್ತಿತ್ತು. ಈಗಿನವು 2048ನೇ ಸೆಕ್ಟರಿನಿಂದ ಆರಂಭಿಸುವುದರಿಂದ ಹತ್ತಿರ ಹತ್ತಿರ 1 ಎಂಬಿ ಸಿಗುತ್ತದೆ. ನಿಮ್ಮ ಡಿಸ್ಕನ್ನು ಬಹಳ ಹಿಂದೆ ವಿಂಗಡಿಸಿದ್ದರೆ ಇದನ್ನು ನೋಡಿಕೊಳ್ಳಿ. ಜಾಗ ಸಾಲದೆ ಗ್ರಬ್ ಸ್ಥಾಪನೆ ನಿಂತುಹೋಗುವುದುಂಟು.

ಹಂಚಿಕೆ ಹೀಗಿರಲಿ: ವಿಂಡೋಸಿಗೆ ಒಂದು ಅಥವಾ ಎರಡು ಪ್ರಾಥಮಿಕ ಪಾರ್ಟಿಷನ್ನು, ಫ್ರೀಬಿಎಸ್‌ಡಿಗೆ ಒಂದು ಪ್ರಾಥಮಿಕ, ಉಳಿದ ಒಂದನ್ನು ವಿಸ್ತೃತ ಪಾರ್ಟಿಷನ್ ಮಾಡಿ ಅದರೊಳಗೆ ಡೆಬಿಯನ್. ಲಿನಕ್ಸ್ ವಿಸ್ತೃತದ ಒಳಗಿನಿಂದಲೂ ತಕರಾರಿಲ್ಲದೆ ಬೂಟ್ ಆಗುತ್ತದೆ. ವಿಂಡೋಸ್, ಫ್ರೀಬಿಎಸ್‌ಡಿ, ಡೆಬಿಯನ್ ಎಂಬ ಕ್ರಮದಲ್ಲಿ ಸ್ಥಾಪಿಸಿ, ಕೊನೆಯಲ್ಲಿ ಗ್ರಬ್ಬನ್ನು ಪಾರ್ಟಿಷನ್ನಿಗೆ ಹಾಕದೆ ಡಿಸ್ಕಿಗೇ ಹಾಕಿ. ಫ್ರೀಬಿಎಸ್‌ಡಿ ಮೆನುವಿನಲ್ಲಿ ತಾನಾಗಿ ಕಾಣದಿದ್ದರೆ, ‘ಇಟಿಸಿ’ಯ ‘ಗ್ರಬ್.ಡಿ’ ಕೋಶದಲ್ಲಿರುವ ‘40 ಕಸ್ಟಮ್’ ಎಂಬ ಕಡತದಲ್ಲಿ ಅದಕ್ಕೊಂದು ನಮೂದು ಬರೆದು, ಅದರ ಪಾರ್ಟಿಷನ್ನನ್ನು ಮೂಲವೆಂದು ಸೂಚಿಸಿ, ‘ಚೈನ್‌ಲೋಡರ್’ ಆದೇಶದೊಂದಿಗೆ ಆ ಪಾರ್ಟಿಷನ್ನಿನ ಮೊದಲ ಸೆಕ್ಟರನ್ನು ಓಡಿಸುವಂತೆ ಹೇಳಿ. ಅಲ್ಲಿಂದಾಚೆ ಕೆಲಸ ಫ್ರೀಬಿಎಸ್‌ಡಿಯ ಸ್ವಂತ ಲೋಡರಿನದು.

ಪ್ರಶ್ನೆ: ಲಿನಕ್ಸ್ ಬೇಡವೆನಿಸಿ ಅದರ ಪಾರ್ಟಿಷನ್ನನ್ನು ವಿಂಡೋಸಿನಿಂದ ಅಳಿಸಿದೆ. ಈಗ ಕಪ್ಪು ಪರದೆಯಲ್ಲಿ ‘ಗ್ರಬ್’ ಎಂಬ ಪದದ ಮುಂದೆ ಕರ್ಸರ್ ಮಿನುಗುತ್ತಿದೆ, ಬೇರೇನೂ ಆಗುತ್ತಿಲ್ಲ.

ಉತ್ತರ: ಗ್ರಬ್ಬಿನ ಮೊದಲ ತುಣುಕು ಉಳಿದಿದೆ, ಅದು ಹುಡುಕುತ್ತಿರುವ ಮೆನು ಮತ್ತು ಉಳಿದ ಭಾಗಗಳು ಅಳಿಸಿದ ಪಾರ್ಟಿಷನ್ನಿನೊಂದಿಗೆ ಹೋಗಿವೆ. ವಿಂಡೋಸ್ ಸುರಕ್ಷಿತವಾಗಿದೆ. ಯುಇಎಫ್‌ಐ ಗಣಕವಾದರೆ ಬೂಟ್ ಮೆನುವಿನ ಕೀಲಿಯನ್ನು ಒತ್ತಿ ‘ವಿಂಡೋಸ್ ಬೂಟ್ ಮ್ಯಾನೇಜರ್’ ಆರಿಸಿ. ಫರ್ಮ್‌ವೇರ್ ಸೆಟಪ್ಪಿನಲ್ಲಿ ಅದನ್ನೇ ಮೊದಲ ಸ್ಥಾನಕ್ಕೆ ತನ್ನಿ. ಬಯಾಸ್ ಗಣಕವಾದರೆ ವಿಂಡೋಸಿನ ಸ್ಥಾಪನಾ ಮಾಧ್ಯಮದಿಂದ ಬೂಟ್ ಮಾಡಿ, ದುರಸ್ತಿಯ ಆಯ್ಕೆಯಲ್ಲಿ ಕಮಾಂಡ್ ಪ್ರಾಂಪ್ಟ್ ತೆರೆದು, ‘ಬೂಟ್‌ರೆಕ್’ ಆದೇಶಕ್ಕೆ ‘ಫಿಕ್ಸ್‌ಎಂಬಿಆರ್’ ಸೇರಿಸಿ ಕೊಟ್ಟರೆ ಆ 446 ಬೈಟುಗಳಲ್ಲಿ ವಿಂಡೋಸಿನ ಸಂಕೇತ ಮರಳಿ ಬರೆಯಲ್ಪಡುತ್ತದೆ.

ಇನ್ನೂ ಅಳಿಸಿಲ್ಲದ ಓದುಗರಿಗೆ ಒಂದು ಮಾತು: ಮೊದಲು ವಿಂಡೋಸಿನ ಲೋಡರನ್ನು ಮುಂದೆ ತಂದು ಎರಡು ಸಲ ಮರುಚಾಲನೆ ಮಾಡಿ ನೋಡಿ, ಅನಂತರ ಪಾರ್ಟಿಷನ್ನನ್ನು ಅಳಿಸಿ, ಇಎಸ್‌ಪಿಯಲ್ಲಿ ಉಳಿದ ಲಿನಕ್ಸಿನ ಕೋಶವನ್ನು ಕೊನೆಗೆ ತೆಗೆಯಿರಿ.

ಪ್ರಶ್ನೆ: ಎರಡು ಡಿಸ್ಕುಗಳಿದ್ದರೆ ಒಂದೊಂದರಲ್ಲಿ ಒಂದೊಂದು ವ್ಯವಸ್ಥೆಯನ್ನು ಇಡುವುದು ಸುರಕ್ಷಿತವೇ? ಗ್ರಬ್ಬಿನ ಬದಲು ಬೇರೆ ಲೋಡರುಗಳನ್ನು ಬಳಸಬಹುದೇ?

ಉತ್ತರ: ಬೇರೆ ಲೋಡರುಗಳಲ್ಲಿ ಎರಡನ್ನು ಹೆಸರಿಸಬಹುದು. ‘ರಿಫೈಂಡ್’ ಪ್ರತಿಸಲ ಬೂಟ್ ಆಗುವಾಗಲೂ ಡಿಸ್ಕುಗಳನ್ನು ಹುಡುಕಿ ಚಿತ್ರಗಳ ಮೆನು ಕಟ್ಟುವುದರಿಂದ, ಆಗಾಗ ವ್ಯವಸ್ಥೆಗಳನ್ನು ಸೇರಿಸಿ ತೆಗೆಯುವವರಿಗೆ ಅನುಕೂಲ. ‘ಸಿಸ್ಟಂಡಿ-ಬೂಟ್’ ಸರಳವಾದದ್ದು, ಯುಇಎಫ್‌ಐಯಲ್ಲಿ ಮಾತ್ರ ನಡೆಯುತ್ತದೆ. ಆದರೆ ಅದು ಸಾಮಾನ್ಯವಾಗಿ ಕರ್ನಲ್ಲುಗಳನ್ನೇ ಇಎಸ್‌ಪಿಯಲ್ಲಿ ಇಡುವುದರಿಂದ ವಿಂಡೋಸಿನ 100 ಎಂಬಿ ಸಾಲುವುದಿಲ್ಲ. ನಿಮ್ಮ ಲಿನಕ್ಸ್ ಗ್ರಬ್ಬಿನೊಂದಿಗೆ ಬಂದಿದ್ದರೆ ವಿಶೇಷ ಕಾರಣವಿಲ್ಲದೆ ಬದಲಾಯಿಸುವುದು ಬೇಡ.

ಎರಡು ಡಿಸ್ಕುಗಳ ಏರ್ಪಾಡು ಒಳ್ಳೆಯದೇ, ಒಂದೊಂದರಲ್ಲಿ ಸ್ವಂತ ಇಎಸ್‌ಪಿ ಇದ್ದರೆ ಮಾತ್ರ. ಎರಡನೆಯ ಡಿಸ್ಕನ್ನು ಆರಿಸಿದರೂ ಲೋಡರನ್ನು ಮೊದಲ ಡಿಸ್ಕಿನ ಇಎಸ್‌ಪಿಯಲ್ಲಿಯೇ ಇಟ್ಟುಬಿಡುವ ಸ್ಥಾಪಕ ತಂತ್ರಾಂಶಗಳಿವೆ. ಆಗ ಮೊದಲ ಡಿಸ್ಕ್ ಕೆಟ್ಟರೆ ಅಥವಾ ಅದನ್ನು ತೆಗೆದರೆ ಎರಡನೆಯದರಲ್ಲಿರುವ ಲಿನಕ್ಸೂ ತೆರೆಯುವುದಿಲ್ಲ. ಸಾಧ್ಯವಿದ್ದರೆ ಸ್ಥಾಪನೆಯ ವೇಳೆ ವಿಂಡೋಸಿನ ಡಿಸ್ಕನ್ನು ಬಿಚ್ಚಿಡಿ, ಇಲ್ಲವೇ ಫರ್ಮ್‌ವೇರಿನಲ್ಲಿ ನಿಷ್ಕ್ರಿಯಗೊಳಿಸಿ. ಎರಡೂ ಆಗದಿದ್ದರೆ, ಸ್ಥಾಪನೆ ಮುಗಿದ ಮೇಲೆ ‘ಇಎಫ್‌ಐಬೂಟ್‌ಎಂಜಿಆರ್’ ಆದೇಶವನ್ನು ವಿವರವಾಗಿ ತೋರಿಸುವಂತೆ ಕೊಟ್ಟು, ಲಿನಕ್ಸಿನ ನಮೂದಿನಲ್ಲಿರುವ ಪಾರ್ಟಿಷನ್ನಿನ ಗುರುತು ಎರಡನೆಯ ಡಿಸ್ಕಿನ ಇಎಸ್‌ಪಿಯದೇ ಹೌದೇ ಎಂದು ‘ಬಿಎಲ್‌ಕೆಐಡಿ’ ಆದೇಶ ತೋರಿಸುವ ಗುರುತಿನೊಂದಿಗೆ ಹೋಲಿಸಿ ನೋಡಿ.